ಕಿಣ್ವಶಬ್ದದ ಔಚಿತ್ಯವಿಚಾರ

ಎನ್‌ಜೈಮ್ ಎಂಬುದಕ್ಕೆ ಕನ್ನಡದ ವಿಜ್ಞಾನಗ್ರಂಥಗಳಲ್ಲಿ ಕಿಣ್ವವೆಂಬ ಪರಿಭಾಷೆಯು ರೂಢವಾಗಿರುತ್ತದೆ. ಇದು ನೂತನ ಸೃಷ್ಟಿಯಲ್ಲ. ಕೌಟಿಲ್ಯನ ಸುರಾಧ್ಯಕ್ಷ ಪ್ರಕರಣದಲ್ಲಿ ಮದ್ಯವನ್ನು ಹುದುಗಿಸುವ ದ್ರವ್ಯಕ್ಕೆ ಇದೇ ಹೆಸರು. ಚಾರ್ವಾಕರ ಮದಶಕ್ತಿಯ ದೃಷ್ಟಾಂತದಲ್ಲಿಯೂ ಇದೇ ಶಬ್ದವು ಪ್ರಸಿದ್ಧ. ಜರ್ಮನಿಯ ಕ್ಯೂನೆ ಎಂಬ ಪಂಡಿತನು 1870ರ ದಶಕದಲ್ಲಿ ಗ್ರೀಕಿನಿಂದ ಕಟ್ಟಿದ ಮೂಲಶಬ್ದಕ್ಕೂ ‘ಹುದುಗಿನೊಳಗಿರುವುದು’ ಎಂದೇ ಅರ್ಥ.

ಆದರೆ ಆ ‘ಒಳಗೆ’ ಎಂಬ ಅಂಶವು ಕಿಣ್ವಶಬ್ದದಲ್ಲಿಲ್ಲ. ಜೀವಕೋಶಗಳನ್ನು ಕಳೆದ ಯೀಸ್ಟಿನ ರಸವೂ ಸಕ್ಕರೆಯನ್ನು ಹುದುಗಿಸುವುದೆಂದು 1897ರಲ್ಲಿ ಬುಕ್ನರನು ತೋರಿಸಿದ ಮೇಲೆ, ಹುದುಗು ಬೇರೆ, ಅದರೊಳಗಿನ ಕಾರಕದ್ರವ್ಯ ಬೇರೆ ಎಂಬುದು ನಿರ್ವಿವಾದವಾಯಿತು. ಪ್ರಾಚೀನರ ಕಿಣ್ವವು ಸಮುದಾಯವಾಚಕ, ಆಧುನಿಕರದು ಅವಯವವಾಚಕ. ಲಕ್ಷಣೆಯಿಂದಾದ ಈ ಅರ್ಥಸಂಕೋಚವು ಒಪ್ಪತಕ್ಕದ್ದೇ.

ದೋಷವಿರುವುದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ. ‘ಎಲೆಯ ಸಕ್ಕರೆಯನ್ನು ಕಿಣ್ವದಿಂದ ಅಳೆದರು’ ಎಂಬಂಥ ವಾಕ್ಯವನ್ನು ವಿಚಾರಿಸಬಹುದು. ಎಲೆಯನ್ನು ಬಿಸಿ ಮದ್ಯಸಾರದಲ್ಲಿ ನೆನೆಸಿ ತೆಗೆದ ರಸಕ್ಕೆ ಎ.ಟಿ.ಪಿ., ಎನ್.ಎ.ಡಿ.ಪಿ. ಎಂಬ ಸಹಕಾರಿಗಳನ್ನೂ, ಹೆಕ್ಸೊಕೈನೇಸ್, ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಎರಡು ಕಿಣ್ವಗಳನ್ನೂ ಕೂಡಿಸಿದರೆ, ಗ್ಲೂಕೋಸಿನ ಒಂದೊಂದು ಅಣುವಿಗೆ ಎನ್.ಎ.ಡಿ.ಪಿ.ಎಚ್. ಎಂಬುದರ ಒಂದೊಂದು ಅಣು ಹುಟ್ಟುವುದು. ಮೊದಲನೆಯ ಕಿಣ್ವವು ಫ್ರಕ್ಟೋಸನ್ನೂ ಹಿಡಿಯುವುದಾದರೂ ಎರಡನೆಯದು ಅದನ್ನು ಬಿಡುವುದು. ಬಳಿಕ ಫಾಸ್ಫೊಗ್ಲೂಕೋಸ್ ಐಸೊಮರೇಸನ್ನು ಸೇರಿಸಿದಾಗ ಫ್ರಕ್ಟೋಸೂ, ಇನ್ವರ್ಟೇಸನ್ನು ಸೇರಿಸಿದಾಗ ಸುಕ್ರೋಸೂ ಕ್ರಮವಾಗಿ ಲೆಕ್ಕಕ್ಕೆ ಬರುವುವು. ಯಂತ್ರವು ಅಳೆಯುವುದಾದರೋ 340 ನ್ಯಾನೊಮೀಟರಿನ ಬೆಳಕನ್ನು ಆ ಕೊನೆಯ ದ್ರವ್ಯವು ಎಷ್ಟು ಹೀರಿತೆಂಬುದನ್ನು ಮಾತ್ರ.

ಆದುದರಿಂದ ಇಲ್ಲಿ ಸಕ್ಕರೆಯು ಪ್ರತ್ಯಕ್ಷವಲ್ಲ, ಅನುಮೇಯ. ಬೆಳಕಿನ ಹೀರಿಕೆಯು ಹೇತು. ಒಂದಕ್ಕೊಂದೆಂಬ ನಿಯಮವು ವ್ಯಾಪ್ತಿ. ಎಲೆಯ ಟ್ಯಾನಿನ್ನುಗಳು ಕಿಣ್ವಕ್ಕೆ ಅಂಟಿ ಅದರ ಶಕ್ತಿಯನ್ನು ಕುಂದಿಸಿದರೆ ಸಕ್ಕರೆಯಿದ್ದೂ ಹೇತುವು ಕಾಣದು; ಹೊಗೆಯಿಲ್ಲದ ಕಾದ ಕಬ್ಬಿಣದ ಗುಂಡಿನಲ್ಲಿ ಅಗ್ನಿಯಿರುವಂತೆ. ಇಂಥ ಶಂಕೆಯನ್ನು ಕಳೆಯಲೆಂದೇ ಗೊತ್ತಾದಷ್ಟು ಗ್ಲೂಕೋಸನ್ನು ಅದೇ ರಸಕ್ಕೆ ಬೆರೆಸಿ, ಅದು ಪೂರ್ಣವಾಗಿ ಲೆಕ್ಕಕ್ಕೆ ಸಿಕ್ಕುವುದೇ ಎಂದು ಪರೀಕ್ಷಿಸುವರು. ‘ಅಳೆದರು’ ಎಂಬ ಒಂದೇ ಮಾತು ಈ ಪರೀಕ್ಷೆಯ ಅಗತ್ಯವನ್ನೇ ಮರೆಮಾಡುತ್ತದೆ.

‘ಬೆಳಕಿನ ಹೀರಿಕೆಯನ್ನು ಅಳೆದು ಸಕ್ಕರೆಯನ್ನು ಗಣಿಸಿದರು’ ಎಂದು ಬರೆದರೆ ಒಂದು ಪದವಷ್ಟೇ ಹೆಚ್ಚುವುದು, ಪ್ರಮಾಣವಿವೇಕವು ಉಳಿಯುವುದು. ಪಾಠ ಹೇಳುವವರಿಗೆ ಈ ವಿವೇಕವು ಪರಿಭಾಷೆಗಿಂತಲೂ ಮುಖ್ಯ.