ಮಾತಿಲ್ಲದ ಪೀಠಿಕೆ: ಒಂದು ರಾಕ್ ಆಲ್ಬಮ್ಮಿನ ಆರಂಭದ ವಾದ್ಯರಚನೆ

ಆಲ್ಟರ್ನೇಟಿವ್ ರಾಕ್ ಸಂಗೀತದಲ್ಲಿ ಕಂಠ ಮತ್ತು ಗಿಟಾರುಗಳದೇ ಪ್ರಾಧಾನ್ಯ. ಹೀಗಿರುವಾಗ ಆಲ್ಬಮ್ಮೊಂದು ಇವೆರಡನ್ನೂ ಬದಿಗಿರಿಸಿ ಪಿಯಾನೊ ವಾದನದಿಂದ ತೆರೆದುಕೊಂಡರೆ ಅದನ್ನು ಅಲಂಕಾರವೆಂದು ತಿಳಿಯಬೇಕೆ, ಅರ್ಥದ ಅಂಗವೆಂದು ಪರಿಗಣಿಸಬೇಕೆ? ಶಿಕಾಗೊ ನಗರದ 'ದಿ ಸ್ಮ್ಯಾಶಿಂಗ್ ಪಂಪ್ಕಿನ್ಸ್' ತಂಡ 1995ರಲ್ಲಿ ಹೊರತಂದ 'ಮೆಲನ್ ಕಾಲಿ ಅಂಡ್ ದಿ ಇನ್ಫಿನಿಟ್ ಸ್ಯಾಡ್‌ನೆಸ್' ಈ ಪ್ರಶ್ನೆಯ ಪರಿಶೀಲನೆಗೆ ತಕ್ಕ ಕೃತಿಯಾಗಿದೆ.

ಎರಡು ಸಿ.ಡಿ.ಗಳ ಈ ಆಲ್ಬಮ್ಮಿನಲ್ಲಿ 28 ರಚನೆಗಳಿವೆ. ಮೊದಲನೆಯದು ಬಿಲ್ಲಿ ಕೋರ್ಗನ್ ರಚಿಸಿದ, ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಪಿಯಾನೊ ಕೃತಿ. ತಂತಿವಾದ್ಯಗಳ ನಾದ ಅದಕ್ಕೆ ಹಿನ್ನೆಲೆಯಾಗಿದೆ. ಗಾಯನವಿಲ್ಲ, ಡ್ರಮ್ಮಿನ ಲಯವಿಲ್ಲ. ತಂಡದ ಹಿಂದಿನ ಆಲ್ಬಮ್ಮುಗಳಾದ 'ಗಿಶ್' (1991) ಮತ್ತು 'ಸಯಾಮೀಸ್ ಡ್ರೀಮ್' (1993) ಡ್ರಮ್ಮಿನ ಹೊಡೆತದಿಂದಲೇ ಆರಂಭವಾಗುತ್ತವೆ ಎಂಬುದನ್ನು ನೆನೆದರೆ ಈ ಆಯ್ಕೆಯ ಮಹತ್ವ ಸ್ಪಷ್ಟವಾಗುತ್ತದೆ.

ಆಲ್ಬಮ್ಮಿನ ಹೆಸರನ್ನೇ ಈ ರಚನೆಗೂ ಇಡಲಾಗಿದೆ. ವ್ಯಕ್ತಿನಾಮದಂತೆ ಕಾಣುವ 'ಮೆಲನ್ ಕಾಲಿ'ಯನ್ನು ಉಚ್ಚರಿಸಿದರೆ ವಿಷಾದವೆಂಬ ಅರ್ಥದ ಇಂಗ್ಲಿಷ್ ಪದ ಕಿವಿಗೆ ಬೀಳುತ್ತದೆ. ಆದರೆ ಕೊನೆಯಿಲ್ಲದ ದುಃಖವನ್ನು ಶೀರ್ಷಿಕೆಯಲ್ಲಿ ಹೊತ್ತ ರಚನೆ ಅಳುವುದಿಲ್ಲ. ಸೌಮ್ಯವಾಗಿ, ಬೆಳಗಿನ ಬೆಳಕಿನಂತೆ ಹರಡುತ್ತದೆ. ಮೊದಲ ಸಿ.ಡಿ.ಗೆ 'ಬೆಳಗಿನಿಂದ ಮುಸ್ಸಂಜೆಯವರೆಗೆ' ಎಂಬ ಅರ್ಥದ ಹೆಸರಿರುವುದು ಇಲ್ಲಿ ಗಮನಾರ್ಹ.

ನಮ್ಮ ಸಂಗೀತದ ಆಲಾಪನೆ ಮುಂಬರುವ ಕೃತಿಯ ರಾಗವನ್ನೇ ಬಿಡಿಸಿ ತೋರಿಸುತ್ತದೆ. ಈ ಪೀಠಿಕೆಯ ಬಗೆ ಬೇರೆ. ಎರಡನೆಯ ಹಾಡು 'ಟುನೈಟ್, ಟುನೈಟ್' ತಂತಿವಾದ್ಯಗಳ ನಾದವನ್ನು ಮುಂದುವರಿಸಿದರೂ ಮೂರನೆಯ 'ಜೆಲ್ಲಿಬೆಲ್ಲಿ'ಯಲ್ಲಿ ಗಿಟಾರುಗಳ ಅಬ್ಬರ ಆರಂಭದ ಶಾಂತಿಯನ್ನು ಒಡೆಯುತ್ತದೆ. ಆ ಬಳಿಕ ಎದುರಾಗುವ ಕ್ರೋಧ, ಹತಾಶೆಗಳನ್ನು ಕೇಳುಗ ಅಳೆಯುವುದು ಆ ಶಾಂತಿಯ ನೆನಪಿನಿಂದಲೇ. ಕಳೆದುಹೋದುದು ಏನೆಂದು ಮೊದಲೇ ಕೇಳಿಸದಿದ್ದರೆ ಕೂಗು ಬರಿಯ ಕೂಗಾಗಿ ಉಳಿಯುತ್ತಿತ್ತು.

ಆಲ್ಬಮ್ಮಿನ ವಿಸ್ತಾರ ಅತಿಯಾಯಿತೆಂಬ ಆಕ್ಷೇಪದಲ್ಲಿ ತಥ್ಯವಿದೆ. ಸುಮಾರು ಎರಡು ಗಂಟೆಗಳ ಉದ್ದಕ್ಕೂ ಒಂದೇ ಬಿಗಿ ಉಳಿದಿಲ್ಲ. ಆದರೂ ಕೃತಿಯ ಎರಡು ತುದಿಗಳು ಒಂದನ್ನೊಂದು ಬೆಳಗುತ್ತವೆ. ಸಿ.ಡಿ. ಆವೃತ್ತಿಯ ಕೊನೆಯ ಹಾಡಾದ 'ಫೇರ್‌ವೆಲ್ ಅಂಡ್ ಗುಡ್‌ನೈಟ್'ಗೆ ತಂಡದ ನಾಲ್ವರೂ ದನಿಗೂಡಿಸಿದ್ದಾರೆ. ಕಂಠವಿಲ್ಲದೆ ತೊಡಗಿದ ಕೃತಿ ನಾಲ್ಕು ಕಂಠಗಳಲ್ಲಿ ಮುಗಿಯುತ್ತದೆ.

ಬಿಡಿಹಾಡುಗಳನ್ನು ಆಯ್ದು ಕೇಳುವ ಇಂದಿನ ರೂಢಿಯಲ್ಲಿ ಮೊದಲು ಕೈಬಿಟ್ಟುಹೋಗುವುದು ಇಂತಹ ರಚನೆಗಳೇ. ಅವುಗಳೊಂದಿಗೆ ಉಳಿದ ಹಾಡುಗಳನ್ನು ಅರಿಯುವ ಅಳತೆಗೋಲೂ ಕೈತಪ್ಪುತ್ತದೆ. ಆದ್ದರಿಂದ ಈ ವಾದ್ಯರಚನೆಯನ್ನು ಅಲಂಕಾರವೆನ್ನದೆ ಕೃತಿಯ ಅರ್ಥದ ಅಂಗವೆಂದೇ ಪರಿಗಣಿಸುವುದು ಉಚಿತ.