ಪಲ್ಪರ್ ಮನೆಯಲ್ಲಿ ನೀರಿನ ದಾರಿ

ಕೊಡಗಿನ ಕಾಫಿ ತೋಟಗಳಲ್ಲಿ ಪಲ್ಪಿಂಗ್ ನೀರನ್ನು, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಬೇಕಾದ ನೀರನ್ನು, ಮತ್ತೆ ಮತ್ತೆ ಬಳಸುವ ವ್ಯವಸ್ಥೆಗೆ ಈಗ ಒಳ್ಳೆಯ ಹೆಸರಿದೆ. ಅದನ್ನು ಮೆಚ್ಚುವವರು ಹಿಡಿಯುವ ಅಳತೆಗೋಲು ಒಂದೇ: ಎಷ್ಟು ನೀರು ಉಳಿಯಿತು? ಈ ಅಳತೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಹಣ್ಣಿನ ತೂಕದಲ್ಲಿ ಸುಮಾರು ಶೇ. 40 ಸಿಪ್ಪೆಯೇ, ಸಿಪ್ಪೆಯಲ್ಲೂ ಬೀಜಕ್ಕಂಟಿದ ಲೋಳೆಯಲ್ಲೂ ಸಕ್ಕರೆ ತುಂಬಿರುತ್ತದೆ. ಸಿಪ್ಪೆ ನೆನೆದಷ್ಟು ಹೊತ್ತೂ ಆ ಸಕ್ಕರೆ ನೀರಿಗಿಳಿಯುತ್ತದೆ. ಹೀಗಿರುವಾಗ ಅದೇ ನೀರನ್ನು ಪಂಪಿನಿಂದ ಸುತ್ತಿಸಿದರೆ ನೀರಿನ ಪ್ರಮಾಣ ಅರ್ಧವಾಗಬಹುದು, ಆದರೆ ಕೊಳೆಯ ಸಾಂದ್ರತೆ ಇಮ್ಮಡಿಯಾಗುತ್ತದೆ. ಹೊಳೆಯ ಮೇಲೆ ಬೀಳುವ ಹೊರೆ ಮಾತ್ರ ಇದ್ದಷ್ಟೇ ಇರುತ್ತದೆ.

ಆ ಹೊರೆ ಎಷ್ಟೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಪಲ್ಪಿಂಗ್ ನೀರಿನ ಬಿಒಡಿ, ಅಂದರೆ ಕೊಳೆಯುವಾಗ ಅದು ಬೇಡುವ ಆಮ್ಲಜನಕ, ಲೀಟರಿಗೆ ಸಾವಿರಾರು ಮಿಲಿಗ್ರಾಂ. ಹೊಳೆಗೆ ಬಿಡುವ ತ್ಯಾಜ್ಯನೀರಿಗೆ ಸಾಮಾನ್ಯ ಮಿತಿ 30. ಪಲ್ಪಿಂಗ್ ನೀರಿನದು ಕಡಿಮೆಯೆಂದರೂ 3000 ಎಂದಿಟ್ಟುಕೊಳ್ಳೋಣ. ತಿಳಿಹೊಳೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಹಾಗಾದರೆ ಒಂದು ಲೀಟರ್ ಪಲ್ಪಿಂಗ್ ನೀರು 375 ಲೀಟರ್ ಹೊಳೆನೀರಿನ ಉಸಿರನ್ನು ಹೀರಿಬಿಡಬಲ್ಲದು. ಅರೇಬಿಕಾ ಕೊಯ್ಲು ನಡೆಯುವುದು ಮಳೆಗಾಲ ಕಳೆದ ಮೇಲೆ, ಕಾವೇರಿ, ಲಕ್ಷ್ಮಣತೀರ್ಥಗಳಿಗೆ ಸೇರುವ ತೊರೆಗಳು ಸೊರಗುತ್ತಾ ಬರುವ ದಿನಗಳಲ್ಲಿ. ‘ಕೆಲವೇ ವಾರಗಳ ಮಾತು’ ಎಂಬ ಸಮಾಧಾನಕ್ಕೆ ಇದೇ ಉತ್ತರ: ಮೀನುಗಳಿಗೆ ಆ ವಾರಗಳೇ ಕಠಿಣ.

ಹವಳಗಳನ್ನು ಸಾಕುವ ದೊಡ್ಡ ಅಕ್ವೇರಿಯಂ ಈ ವಿಷಯದಲ್ಲಿ ಒಳ್ಳೆಯ ಪಾಠ ಕಲಿಸುತ್ತದೆ. ಅಲ್ಲಿ ನೀರು ತೊಟ್ಟಿಯ ಅಂಚಿನಿಂದ ತುಳುಕಿ ಕೆಳಗಿನ ಸಂಪ್ ತೊಟ್ಟಿಗೆ ಇಳಿಯುತ್ತದೆ. ಸ್ಕಿಮ್ಮರ್‌ನ ಸಣ್ಣ ಗುಳ್ಳೆಗಳು ಜೈವಿಕ ಕಲ್ಮಷವನ್ನು, ಅದು ಕೊಳೆಯುವ ಮೊದಲೇ, ನೊರೆಯಾಗಿ ಎತ್ತಿಹಾಕುತ್ತವೆ. ಆಮೇಲೆ ಪಂಪ್ ನೀರನ್ನು ಮೇಲಕ್ಕೆ ಕಳಿಸುತ್ತದೆ. ಪಂಪ್ ಎಷ್ಟೇ ಬಲವಾಗಿರಲಿ, ಕಲ್ಮಷ ತೆಗೆಯುವ ಘಟ್ಟ ತಪ್ಪಿದರೆ ಅದು ಸುತ್ತಿಸುವುದು ಕೊಳೆಯನ್ನೇ. ಪಲ್ಪರ್ ಮನೆಗೂ ಇದೇ ನಿಯಮ: ಪಲ್ಪರ್ ಬಾಯಲ್ಲೇ ಜಾಲರಿಯಿಟ್ಟು ಸಿಪ್ಪೆಯನ್ನು ಬೇರ್ಪಡಿಸಬೇಕು, ಅದನ್ನು ನೀರಿನಲ್ಲಿ ತೇಲಿಸದೆ ಗೊಬ್ಬರದ ಗುಂಡಿಗೆ ಒಣದಾಗಿ ಸಾಗಿಸಬೇಕು. ನೀರಿನ ಮರುಬಳಕೆ ಅದರ ನಂತರದ ಮಾತು.

ಮರುಬಳಸಿದ ನೀರು ಕಾಫಿಯ ರುಚಿ ಕೆಡಿಸುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರಾತ್ರಿಯಿಡೀ ನಿಂತು ಹುಳಿಯಾದ ನೀರು ಪಾರ್ಚ್‌ಮೆಂಟ್‌ಗೆ, ಅಂದರೆ ಸಿಪ್ಪೆ ಸುಲಿದ ಬೀಜಕ್ಕೆ, ವಾಸನೆ ಹಿಡಿಸುವುದು ನಿಜ. ಆದರೆ ದೋಷ ನೀರು ಹಿಡಿದ ದಾರಿಯದು. ತಾಜಾ ನೀರು ಕೊನೆಯ ತೊಳೆತಕ್ಕೆ ಬಂದು, ಅಲ್ಲಿಂದ ಅದೇ ದಿನ ಪಲ್ಪರಿಗೆ ಹೋಗಲಿ. ಸಂಜೆಗೆ ತೊಟ್ಟಿ ಖಾಲಿಯಾಗಿ ಉಳಿಕೆ ಸಂಸ್ಕರಣೆಗೆ ಸಾಗಲಿ. ಆಗ ಶುದ್ಧ ನೀರು ಶುದ್ಧ ಬೀಜವನ್ನೇ ಮುಟ್ಟುತ್ತದೆ. ಸಣ್ಣ ಬೆಳೆಗಾರರಿಗೆ ವೆಚ್ಚ ಹೆಚ್ಚೆಂಬ ಮಾತು ಲೋಳೆ ತೆಗೆಯುವ ಹೊಸ ಯಂತ್ರಗಳಿಗೆ ಸಲ್ಲುತ್ತದೆ, ಜಾಲರಿಗಲ್ಲ. ಕೊಡಗಿನ ಇಳಿಜಾರು ಪಂಪಿನ ಅರ್ಧ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಹಣ್ಣನ್ನು ಸಿಪ್ಪೆ ಸಮೇತ ಚೆರಿಯಾಗಿ ಕಣದಲ್ಲೇ ಒಣಗಿಸುವವರಿಗಂತೂ ಪಲ್ಪಿಂಗ್ ನೀರಿನ ಚಿಂತೆಯೇ ಇಲ್ಲ.

ಆದ್ದರಿಂದ ಪಲ್ಪರ್ ಮನೆಯೊಂದನ್ನು ಪರೀಕ್ಷಿಸುವವರು ನೀರಿನ ಮೀಟರ್ ನೋಡುವ ಮೊದಲು ಸಿಪ್ಪೆಯ ಹಿಂದೆ ನಡೆಯಲಿ. ಅದು ಎಲ್ಲಿ ನೀರಿನ ಕೈಬಿಡುತ್ತದೋ ಅಲ್ಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಲಿ. ಹೆಜ್ಜೆ ಕಡಿಮೆಯಾದಷ್ಟೂ ಕೆಳಗಿನ ತೊರೆಗೆ ಉಸಿರು ಉಳಿಯುತ್ತದೆ.