ಕಿವಿಗೆ ಬಿದ್ದ ಕಾದಂಬರಿ

ಉಮಾ ಕುಲಕರ್ಣಿಯವರು ಮರಾಠಿಯವರು. ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಕನ್ನಡ ಲಿಪಿ ಓದುವ ರೂಢಿಯಿಲ್ಲ. ಹಾಗಾಗಿ ಪುಣೆಯ ಅವರ ಮನೆಯಲ್ಲಿ ಒಂದು ಏರ್ಪಾಡು ಬೆಳೆದುಬಂತು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಟೇಪಿಗೆ ಹಾಕಿಡುವುದು, ಇವರು ಅದನ್ನು ಕೇಳಿ ಕೇಳಿ ಮರಾಠಿಯಲ್ಲಿ ಬರೆಯುವುದು. ಕಾರಂತರೂ ಭೈರಪ್ಪನವರೂ ಮರಾಠಿ ಓದುಗರ ಮನೆ ಸೇರಿದ್ದು ಹೆಚ್ಚಾಗಿ ಈ ದಾರಿಯಲ್ಲಿ. ಅವರ ಮರಾಠಿ ‘ವಂಶವೃಕ್ಷ’ಕ್ಕೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂತು. ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗೆ ಹೋಗಿ ಭೈರಪ್ಪ ಬೇಕು ಅಂದರೆ, ಮರಾಠಿಯವರೇ ಯಾರೋ ಎಂಬಂತೆ ತೆಗೆದುಕೊಡುತ್ತಾರೆ.

ಅನುವಾದದ ಮಾತು ಇನ್ನೊಂದು ವಾರಕ್ಕಿರಲಿ. ನನ್ನನ್ನು ಕಾಡುವುದು ಆ ಟೇಪು. ಭೈರಪ್ಪನವರ ಇಡೀ ‘ಪರ್ವ’ವನ್ನು ಒಂದು ಸಾಲನ್ನೂ ಹಾರಿಸದೆ ಕಿವಿಯಿಂದ ಓದುವುದೆಂದರೆ ಏನು? ಕಣ್ಣು ಕಳ್ಳ. ವರ್ಣನೆ ಬಂದರೆ ಜಾರಿಕೊಳ್ಳುತ್ತದೆ, ಸಂಭಾಷಣೆ ಬಂದ ಕೂಡಲೇ ಎಚ್ಚರವಾಗುತ್ತದೆ. ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ಲೇಖಕ ಮಧ್ಯಾಹ್ನದ ಬಿಸಿಲಿಗೆ ಅರ್ಧ ಪುಟ ಕೊಟ್ಟಿದ್ದರೆ ಅಷ್ಟು ಹೊತ್ತು ಬಿಸಿಲಿನಲ್ಲಿ ನಿಂತಿರಲೇಬೇಕು. ಕತೆಯೊಂದರ ಭಾವ, ಅದರ ಹವೆ, ಹುಟ್ಟುವುದು ಈ ನಿಲ್ಲುವಿಕೆಯಲ್ಲಿ. ನಮ್ಮ ಪಾಠದ ಕೋಣೆಗಳು ಮೊದಲು ವಸ್ತು, ಆಮೇಲೆ ಪಾತ್ರಚಿತ್ರಣ, ಜಾಗ ಉಳಿದರೆ ವಾತಾವರಣ ಎಂದು ಕಲಿಸಿಬಿಟ್ಟಿವೆ. ನನ್ನ ಕ್ರಮ ತಿರುಗುಮುರುಗು. ಹವೆ ಸಿಕ್ಕದ ಹೊರತು ಪಾತ್ರ ಸಿಕ್ಕುವುದಿಲ್ಲ. ವಸ್ತುವಂತೂ ಕೊನೆಗೆ ತಾನಾಗಿಯೇ ಬರುತ್ತದೆ, ಹುಡುಕಿಕೊಂಡು ಹೋಗುವ ಕೆಲಸವಿಲ್ಲ.

ಇದನ್ನು ಪರೀಕ್ಷಿಸಲು ನಮ್ಮಲ್ಲಿ ಹೇಳಿ ಮಾಡಿಸಿದಂಥ ಜೋಡಿಯೊಂದಿದೆ. 1965ರಲ್ಲಿ ಎರಡು ಕಾದಂಬರಿಗಳು ಬಂದವು, ಅನಂತಮೂರ್ತಿಯವರ ‘ಸಂಸ್ಕಾರ’ ಮತ್ತು ಭೈರಪ್ಪನವರ ‘ವಂಶವೃಕ್ಷ’. ಎರಡರ ಕೇಂದ್ರದಲ್ಲೂ ಒಬ್ಬ ಆಚಾರವಂತ ಬ್ರಾಹ್ಮಣ, ಊರೇ ತಲೆಬಾಗುವ ಪಂಡಿತ. ಇಬ್ಬರ ಹೆಂಡಂದಿರ ಹೆಸರೂ ಹೆಚ್ಚುಕಡಿಮೆ ಒಂದೇ, ಅಲ್ಲಿ ಭಾಗೀರಥಿ, ಇಲ್ಲಿ ಭಾಗೀರತಮ್ಮ. ಇಬ್ಬರ ಕಾಲಡಿಯ ನೆಲವೂ ಕುಸಿಯುತ್ತದೆ. ವಸ್ತುವನ್ನಷ್ಟೇ ಬರೆದು ಮಗ್ಗುಲಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಓದಿದವರಿಗೆ ಗೊತ್ತು, ಇವೆರಡರ ನಡುವೆ ಏಳು ಹಳ್ಳ ಹರಿಯುತ್ತವೆ. (ಎರಡರ ಸಿನಿಮಾದಲ್ಲೂ ಗಿರೀಶ ಕಾರ್ನಾಡರ ಕೈಯಿತ್ತು. ಒಂದರಲ್ಲಿ ಪ್ರಾಣೇಶಾಚಾರ್ಯರಾದರು, ಇನ್ನೊಂದನ್ನು ಬಿ.ವಿ. ಕಾರಂತರ ಜೊತೆ ನಿರ್ದೇಶಿಸಿದರು.)

‘ಸಂಸ್ಕಾರ’ದ ಹವೆ ಯಾವುದು? ಪ್ಲೇಗು, ಇಲಿ, ಹದ್ದು, ಕೊಳೆಯುವ ಹೆಣ ಎಂದು ಎಲ್ಲರೂ ಹೇಳುತ್ತಾರೆ. ಅವೆಲ್ಲ ಇವೆ. ಗಟ್ಟಿಯಾಗಿ ಓದಿಸಿಕೊಂಡು ಕೇಳಿದರೆ ಅವುಗಳ ಅಡಿಯಲ್ಲಿ ಇನ್ನೊಂದು ಕೇಳಿಸುತ್ತದೆ, ಹಸಿವು. ಪ್ರಾಣೇಶಾಚಾರ್ಯರು ಹಾಸಿಗೆ ಹಿಡಿದ ಹೆಂಡತಿಗೆ ಗಂಜಿ ಕುಡಿಸಿ, ತಮ್ಮ ಊಟಕ್ಕೆ ಏಳುವ ಹೊತ್ತಿಗೆ ಚಂದ್ರಿ ಬಂದು, ತಾನು ಜೊತೆಯಲ್ಲಿ ಬಾಳುತ್ತಿದ್ದ ಆಚಾರಗೆಟ್ಟ ನಾರಣಪ್ಪ ಸತ್ತ ಸುದ್ದಿ ಹೇಳುತ್ತಾಳೆ. ಆ ಊಟ ನಿಂತುಹೋಯಿತು. ಹೆಣ ಸುಡುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ಸುಡುವವರು ಯಾರೆಂಬುದು ತೀರ್ಮಾನವಾಗುವಂತಿಲ್ಲ. ಧರ್ಮಶಾಸ್ತ್ರದ ಪ್ರಶ್ನೆ ಇಡೀ ಕಾದಂಬರಿಯುದ್ದಕ್ಕೂ ಬಿಗಿಯಾಗುತ್ತ ಹೋಗುವುದು ಗ್ರಂಥಗಳಿಂದಲ್ಲ, ಹೊಟ್ಟೆಯಿಂದ. ತಿಥಿಯೂಟಗಳ ಮೇಲೆ ಬದುಕುವ ದಾಸಾಚಾರ್ಯ ಪಾರಿಜಾತಪುರದ ಮಂಜಯ್ಯನ ಮನೆಯಲ್ಲಿ ಕದ್ದು ತಿನ್ನುತ್ತಾನೆ. ನಮಗೆ ನಗು ಬರಬೇಕು, ಬರುವುದಿಲ್ಲ. ನಮ್ಮ ಹೊಟ್ಟೆಯೂ ಅಷ್ಟು ಹೊತ್ತಿಗೆ ಖಾಲಿಯಾಗಿರುತ್ತದೆ.

ಮಾರುತಿಯ ಗುಡಿಯಲ್ಲಿ ಕಾದು ಕಾದು ಪ್ರಸಾದ ಸಿಗದೆ ಹೊರಟ ಆಚಾರ್ಯರು ಕಾಡಿನ ಕತ್ತಲಲ್ಲಿ ಚಂದ್ರಿಯ ತೋಳಿಗೆ ಬೀಳುವ ಪ್ರಸಂಗವನ್ನು ನಾವು ಕಾಮದ ಪ್ರಸಂಗವೆಂದು ನೆನಪಿಟ್ಟುಕೊಂಡಿದ್ದೇವೆ. ಆಕೆಯ ಮಡಿಲಿನ ಬಾಳೆಹಣ್ಣನ್ನು ಮರೆತೇಬಿಟ್ಟಿದ್ದೇವೆ. ಹಸಿದ ಗಂಡಸಿಗೆ ಅವಳು ಉಣಿಸುತ್ತಾಳೆ. ಊಟವಿಲ್ಲದ ಊರಿನಿಂದ ಬಂದವನ ಬಾಯಿಗೆ ಬಿದ್ದ ಆ ಹಣ್ಣೇ ಪ್ರಾಣೇಶಾಚಾರ್ಯ ಎಂಬ ಪಾತ್ರದ ಮೊದಲ ಬಿರುಕು. ಕೊನೆಗೆ ಮೇಳಿಗೆಯ ಜಾತ್ರೆಯಲ್ಲಿ ಸೂತಕದ ಮೈಯಲ್ಲಿ ಪಂಕ್ತಿಯೂಟಕ್ಕೆ ಕೂರುವಾಗಲೂ ಅದೇ ಎಳೆ. ಹಸಿವಿನ ಹವೆಯನ್ನು ಹಿಡಿದುಕೊಂಡು ಹೋದರೆ ಗಂಜಿ, ಹಣ್ಣು, ದೇವಸ್ಥಾನದ ಎಲೆ ಮೂರೂ ಸಾಲಾಗಿ ನಿಲ್ಲುತ್ತವೆ. ದೇಹವನ್ನು ಮರೆತ ವಿದ್ಯೆಯ ಗತಿಯೇನು ಎಂಬ ವಸ್ತು ಅಲ್ಲೇ ಬಿದ್ದಿರುತ್ತದೆ. ಹದ್ದುಗಳನ್ನು ಓಡಿಸಲು ಬ್ರಾಹ್ಮಣರು ಹೊತ್ತಲ್ಲದ ಹೊತ್ತಿನಲ್ಲಿ ಶಂಖ ಊದಿ ಜಾಗಟೆ ಬಾರಿಸುತ್ತಾರಲ್ಲ, ಆ ಸದ್ದನ್ನು ಮೌನ ಓದಿನಲ್ಲಿ ನಾನೆಂದೂ ಕೇಳಿಸಿಕೊಂಡಿರಲಿಲ್ಲ. ಪೂಜೆಯ ಸದ್ದು, ನೈವೇದ್ಯ ಮಾತ್ರ ಇಲ್ಲ.

‘ವಂಶವೃಕ್ಷ’ಕ್ಕೆ ಬಂದರೆ ಯಾರೂ ಹಸಿದಿಲ್ಲ. ಅಲ್ಲಿನ ಹವೆ ದಿನಚರಿಯದು. ನಂಜನಗೂಡಿನಲ್ಲಿ ಪಂಡಿತ ಶ್ರೋತ್ರಿಯವರ ಮನೆ, ಕಪಿಲೆ, ಸ್ನಾನ, ಪೂಜೆ, ಅಧ್ಯಯನ, ಮತ್ತೆ ಮಾರನೆಯ ದಿನ ಅದೇ. ಮಗ ನಂಜುಂಡನನ್ನು ನುಂಗಿದ್ದು ಅದೇ ಹೊಳೆ. ಆದರೂ ಶ್ರೋತ್ರಿಯವರು ಹೊಳೆಗೆ ಹೋಗುವುದನ್ನು ಬಿಡುವುದಿಲ್ಲ. ಅವರ ಗಟ್ಟಿತನವನ್ನು ನಾನು ನಂಬುವುದು ಅವರ ಮಾತುಗಳಿಂದಲ್ಲ, ಈ ಪುನರಾವರ್ತನೆಯಿಂದ. ಅತ್ತ ವಿಧವೆ ಸೊಸೆ ಕಾತ್ಯಾಯನಿ ಕಾಲೇಜಿಗೆಂದು ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರತೊಡಗುತ್ತಾಳೆ. ಒಂದೇ ಮನೆಯಲ್ಲಿ ಈಗ ಎರಡು ಗಡಿಯಾರ, ಒಂದು ನದಿಯದು, ಇನ್ನೊಂದು ರೈಲಿನದು. ಅವಳು ಅಲ್ಲಿನ ಅಧ್ಯಾಪಕ ರಾಜಾರಾಯನನ್ನು ಮೆಚ್ಚಿದ ಘಳಿಗೆ ಯಾವುದು ಎಂದು ಹುಡುಕುವವರಿದ್ದಾರೆ. ಘಳಿಗೆಯಲ್ಲೇನೂ ಇಲ್ಲ, ಆ ದಿನದಿನದ ಹೋಗಿಬರುವುದರಲ್ಲೇ ಅವಳು ಬೇರೆಯವಳಾದಳು. ಓದುವವನು ಅವಸರ ಮಾಡಿದರೆ ಇದು ತಪ್ಪಿಹೋಗುತ್ತದೆ.

ಪ್ರಾಣೇಶಾಚಾರ್ಯರಂತೆ ಶ್ರೋತ್ರಿಯವರಿಗೂ ಒಂದು ಕತ್ತಲ ಘಳಿಗೆಯಿದೆ. ಇನ್ನೊಂದು ಹೆರಿಗೆ ಹೆಂಡತಿಯ ಜೀವಕ್ಕೆ ಎರವೆಂದು ತಿಳಿದ ಮೇಲೆ ಮನೆಯ ಕೆಲಸದ ಲಕ್ಷ್ಮಿಯ ಕಡೆ ಮನಸ್ಸು ಅಲುಗುತ್ತದೆ, ಅವರು ತಡೆದುಕೊಳ್ಳುತ್ತಾರೆ. ಒಬ್ಬರು ಜಾರಿ ಮನುಷ್ಯರಾದರು, ಇನ್ನೊಬ್ಬರು ತಡೆದು ಕಲ್ಲಾದರು ಎಂದು ನವ್ಯದ ಭರದಲ್ಲಿ ಹೇಳಿದವರುಂಟು. ನನಗೆ ಒಪ್ಪಿಗೆಯಿಲ್ಲ. ಹಸಿವಿನ ಕಾದಂಬರಿಯಲ್ಲಿ ಜಾರದಿರುವುದು ಸುಳ್ಳಾಗುತ್ತಿತ್ತು, ದಿನಚರಿಯ ಕಾದಂಬರಿಯಲ್ಲಿ ಜಾರುವುದು ಸುಳ್ಳಾಗುತ್ತಿತ್ತು. ರಾಜಾರಾಯನನ್ನು ಮದುವೆಯಾದ ಮೇಲೆ ತನ್ನ ಮಗನನ್ನು ಕರೆದೊಯ್ಯಲು ಬಂದ ಕಾತ್ಯಾಯನಿ ಬರಿಗೈಯಲ್ಲಿ ಹಿಂತಿರುಗುವಾಗ ಶ್ರೋತ್ರಿಯವರು ಎಷ್ಟು ಕಡಿಮೆ ಮಾತಾಡುತ್ತಾರೆ ಗಮನಿಸಿ. ವಂಶವೆಂದು ಜೀವಮಾನವಿಡೀ ಹೊತ್ತದ್ದು ತನ್ನದೇ ಅಲ್ಲ, ತನ್ನ ಹುಟ್ಟೇ ಬೇರೆ ಎಂದು ಕೊನೆಗೆ ಗೊತ್ತಾದಾಗ ಅವರ ದನಿ ಏರುವುದಿಲ್ಲ. ದಿನಚರಿಯ ಮನುಷ್ಯ ಮನೆ ಬಿಡುತ್ತಾನೆ, ಅಷ್ಟೆ. ಆ ಒಂದು ಹೆಜ್ಜೆ ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಹಿಂದಿನ ನೂರಾರು ಬೆಳಗಿನ ಸ್ನಾನಗಳೇ ಕಾರಣ.

ಹವೆಯನ್ನೇ ಮುಂದಿಟ್ಟು ಬರೆದವರು ಬೇಕೆಂದರೆ ಪುಣೆಯ ನೆನಪಿನಲ್ಲಿ ಇನ್ನೊಬ್ಬರಿದ್ದಾರೆ, ಜಿ.ಎ. ಕುಲಕರ್ಣಿ. ಬೆಳಗಾವಿ ಸೀಮೆಯ ಎಕ್ಸಂಬಾದಲ್ಲಿ ಹುಟ್ಟಿ, ಧಾರವಾಡದಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ಮರಾಠಿಯಲ್ಲಿ ಕತೆ ಬರೆದು, 1987ರಲ್ಲಿ ಪುಣೆಯಲ್ಲಿ ತೀರಿಕೊಂಡವರು. ಅವರ ಸಂಕಲನಗಳ ಹೆಸರು ನೋಡಿ: ‘ನಿಳಾಸಾವಳಾ’, ‘ಹಿರವೇ ರಾವೇ’, ‘ರಕ್ತಚಂದನ’, ‘ಕಾಜಳಮಾಯಾ’. ನೀಲಿ, ಹಸಿರು, ಕೆಂಪು, ಕಾಡಿಗೆಯ ಕಪ್ಪು. ಪಾತ್ರ ಹುಟ್ಟುವ ಮೊದಲೇ ಬಣ್ಣ ಬಿದ್ದಾಗಿದೆ.

ಭೈರಪ್ಪನವರ ಮೇಲೆ ಹಳೆಯ ದೂರೊಂದಿದೆ, ಪಾತ್ರಗಳು ಬದುಕುವುದಕ್ಕಿಂತ ವಾದಿಸುವುದೇ ಹೆಚ್ಚೆಂದು. ಗಟ್ಟಿಯಾಗಿ ಓದಿದರೆ ಈ ದೂರಿನಲ್ಲಿ ಅರ್ಧ ನಿಜ ಎಂದು ಗೊತ್ತಾಗುತ್ತದೆ. ‘ವಂಶವೃಕ್ಷ’ದಲ್ಲೇ ಇತಿಹಾಸ ಗ್ರಂಥ ಬರೆಯುತ್ತ ಸವೆಯುವ ಸದಾಶಿವರಾಯರು, ಅವರ ಜೊತೆಗೂಡುವ ಕರುಣಾ, ಇಬ್ಬರ ಮಾತೂ ಒಂದೇ ಗಂಟಲಿನಿಂದ ಬಂದಂತೆ ಕೇಳುತ್ತದೆ. ಅಲ್ಲಿ ವಸ್ತುವಿಗೆ ಹವೆಯ ಆಸರೆಯಿಲ್ಲ. ಪಕ್ಕದ ಕೋಣೆಯಲ್ಲಿ ಸುಮ್ಮನಿರುವ ಮೊದಲ ಹೆಂಡತಿ ನಾಗಲಕ್ಷ್ಮಿ ಮಾತ್ರ ಪುಟಕ್ಕೊಮ್ಮೆ ಬಂದರೂ ಮೈಯೆಲ್ಲ ಕಿವಿಯಾಗುವಂತೆ ಮಾಡುತ್ತಾಳೆ. ಮನೆಯಲ್ಲಿ ಓದಿ ಹೇಳುವ ಸರದಿ ನನ್ನದಾದಾಗ ಆ ವಿದ್ವತ್ತಿನ ಸಂಭಾಷಣೆಗಳನ್ನು ಸದ್ದಿಲ್ಲದೆ ಹಾರಿಸಿಬಿಡುತ್ತೇನೆ. ವಿರೂಪಾಕ್ಷರಿಗೆ ಆ ಸೌಲಭ್ಯ ಇರಲಿಲ್ಲ.